ಟ್ರ್ಯಾಕ್ಟರ್ ಚಾಲೂ ಆಗ್ತಿಲ್ವಾ? ಮೊದಲು ಕಿವಿ ಕೊಡಿ

ರೈತ ಬಂಧುಗಳಿಗೆ, ಕೆಲಸದ ನಡುವೆ ರೇಡಿಯೋ ಹಚ್ಚಿಕೊಂಡಿರುವ ಅಕ್ಕ-ತಂಗಿಯರಿಗೆ, ಎಲ್ಲರಿಗೂ ನಮಸ್ಕಾರ.

ಧಾರವಾಡದ ಮಾವಿನ ತೋಟ ಇರಲಿ, ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲ ಇರಲಿ, ನವಲಗುಂದದ ಎರೆ ಭೂಮಿ ಇರಲಿ, ಈಗ ಎಲ್ಲ ಕಡೆ ಮಿನಿ ಟ್ರ್ಯಾಕ್ಟರ್ ಕಾಣುತ್ತೆ. ಗಿಡಗಳ ನಡುವೆ ನುಸುಳುತ್ತೆ, ಎಡೆ ಹೊಡೆಯುತ್ತೆ, ಔಷಧ ಸಿಂಪಡಿಸುತ್ತೆ. ಆದರೆ ಸರಿಯಾಗಿ ಹದ ಬಂದ ದಿನವೇ ಅದು ಚಾಲೂ ಆಗೋದಿಲ್ಲ. ಹುಬ್ಬಳ್ಳಿಯಲ್ಲಿ ಇವುಗಳ ರಿಪೇರಿ ಮಾಡುತ್ತಾ ನನಗೆ 22 ವರ್ಷ ಆಯಿತು. ಇವತ್ತು ನಿಮಗೆ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಪಾನಾ ಹಿಡಿಯುವ ಮೊದಲು ಕಿವಿ ಕೊಡಿ. ಚಾವಿ ತಿರುಗಿಸಿದಾಗ ಟ್ರ್ಯಾಕ್ಟರ್ ಏನು ಶಬ್ದ ಮಾಡುತ್ತೆ, ಅದನ್ನು ಕೇಳಿ.

ಶಬ್ದ ಮೂರೇ ಥರ. ಚಾವಿ ತಿರುಗಿಸಿದರೂ ಏನೂ ಕೇಳಿಸಲ್ಲ, ಪೂರ್ತಿ ಮೌನ. ಇದು ಒಂದು. ಟಕ್ ಅನ್ನುತ್ತೆ, ಅಲ್ಲಿಗೇ ನಿಲ್ಲುತ್ತೆ. ಇದು ಎರಡು. ಇಂಜಿನ್ ಗರಗರ ಅಂತ ಜೋರಾಗಿ ತಿರುಗುತ್ತೆ, ಆದರೆ ಹೊತ್ತಿಕೊಳ್ಳಲ್ಲ. ಇದು ಮೂರು. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಪೂರ್ತಿ ಮೌನ ಇದ್ದರೆ ಹೆದರಬೇಡಿ. ಕ್ಲಚ್ ಪೂರ್ತಿ ಒತ್ತಿದ್ದೀರಾ? ರೋಟಾವೇಟರ್ ತಿರುಗಿಸುವ ಪಿಟಿಓ ಲಿವರ್ ನ್ಯೂಟ್ರಲ್‌ನಲ್ಲಿ ಇದೆಯಾ? ಬಹಳಷ್ಟು ಮಿನಿ ಟ್ರ್ಯಾಕ್ಟರುಗಳಲ್ಲಿ ಕ್ಲಚ್, ಪಿಟಿಓ ಹತ್ತಿರ ಸಣ್ಣ ಸ್ವಿಚ್ ಇರುತ್ತೆ. ಗಾಡಿ ಗೇರಿನಲ್ಲಿ ಇರುವಾಗ ಚಾಲೂ ಆಗಿ ಯಾರ ಮೇಲೂ ಹಾಯಬಾರದು ಅಂತ ಅದನ್ನು ಇಟ್ಟಿದ್ದಾರೆ. ಅದು ಒತ್ತದಿದ್ದರೆ ಕರೆಂಟ್ ಮುಂದಕ್ಕೆ ಹೋಗಲ್ಲ. ಅದು ಸರಿ ಇದ್ದರೆ ಫ್ಯೂಸ್ ನೋಡಿ.

ಇನ್ನು ಟಕ್ ಅನ್ನುವ ಶಬ್ದ. ಇದರ ಬಗ್ಗೆ ಒಂದು ಘಟನೆ ಹೇಳಲೇಬೇಕು.

ಆ ವರ್ಷ ಮಿರಗದ ಮಳೆ ಬಿದ್ದು ಎರಡು ದಿನ ಆಗಿತ್ತು. ನವಲಗುಂದ ತಾಲ್ಲೂಕಿನ ರೈತರೊಬ್ಬರು ಬೆಳಿಗ್ಗೆ ಬೆಳಿಗ್ಗೆನೇ ಫೋನ್ ಮಾಡಿದರು. "ಅಣ್ಣಾರ, ಸೆಲ್ಫ್ ಸುಟ್ಟೈತ್ರಿ. ನಿನ್ನೆ ಹೊಸಾ ಬ್ಯಾಟರಿ ತಂದು ಹಾಕೀನಿ, ಆದ್ರೂ ಚಾಲೂ ಆಗವಲ್ದು. ಸೆಲ್ಫ್ ಬಿಚ್ಚಿ ತರ್ತೀನಿ" ಅಂದರು. ಸೆಲ್ಫ್ ಅಂದರೆ ಇಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟರ್. ಹೆಸರುಕಾಳು ಬಿತ್ತನೆ ಬಾಕಿ ಇತ್ತು. ಎರೆ ಹೊಲದ ಹದ ಯಾರಿಗೂ ಕಾಯಲ್ಲ, ಅದನ್ನು ನಿಮಗೆ ನಾನು ಹೇಳಬೇಕಾ? "ಯಜಮಾನ್ರ, ಏನೂ ಬಿಚ್ಚಬ್ಯಾಡ್ರಿ. ಫೋನ್ ಇಂಜಿನ್ ಹತ್ರ ಹಿಡಿದು ಚಾವಿ ತಿರುಗಸ್ರಿ" ಅಂದೆ. ಟಕ್. ಇನ್ನೊಮ್ಮೆ ತಿರುಗಿಸಿದರು. ಟಕ್ ಟಕ್. "ಈಗ ಹೆಡ್‌ಲೈಟ್ ಹಾಕಿ ತಿರುಗಸ್ರಿ, ಲೈಟ್ ಏನಾಗ್ತದ ನೋಡ್ರಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಎಣ್ಣಿ ತೀರಿದ ದೀಪಧಂಗ ಆತ್ರಿ."

ಅಷ್ಟು ಸಾಕಾಯಿತು ನನಗೆ. ಸೆಲ್ಫ್ ಕೇಳಿದಷ್ಟು ಕರೆಂಟ್ ಅದಕ್ಕೆ ಮುಟ್ಟುತ್ತಿಲ್ಲ. ಬ್ಯಾಟರಿ ಹೊಸದು. ಹಾಗಾದರೆ ತಡೆ ಇರುವುದು ವಾಯರಿನಲ್ಲಿ.

ಬೈಕ್ ಹತ್ತಿ ಹೋದೆ. ಬ್ಯಾಟರಿಯ ಎರಡೂ ಟರ್ಮಿನಲ್ ಥಳಥಳ ಹೊಳೆಯುತ್ತಿದ್ದವು. ನಮ್ಮ ಜನ ಅಷ್ಟು ನೋಡಿ ಸುಮ್ನೆ ಆಗ್ತಾರೆ. ವಾಯರಿಗೆ ಎರಡು ತುದಿ ಇರುತ್ತವೆ ಅಲ್ವಾ? ಕಪ್ಪು ಅರ್ಥಿಂಗ್ ವಾಯರ್ ಕೈಯಲ್ಲಿ ಹಿಡಿದು ಸವರುತ್ತಾ ಹೋದೆ. ಅದರ ಇನ್ನೊಂದು ತುದಿ ಕೆಳಗೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಬೋಲ್ಟ್ ಹಾಕಿ ಕೂರಿಸಿತ್ತು. ಮೇಲೆ ಎರೆ ಮಣ್ಣು ಒಣಗಿ ಹೆಂಟೆ ಆಗಿತ್ತು. ಅವರ ಮಗನಿಗೆ ನಾಲ್ಕೈದು ಸಲ ಚಾವಿ ತಿರುಗಿಸಲು ಹೇಳಿ, ಹೆಂಟೆ ಒಡೆದು ಆ ಬೋಲ್ಟ್ ಮುಟ್ಟಿದೆ. ಆಗ ತಾನೇ ಒಲೆಯಿಂದ ಇಳಿಸಿದ ಚಹಾ ಲೋಟದಷ್ಟು ಬಿಸಿ. ಕರೆಂಟ್ ಎಲ್ಲಿ ಸಿಕ್ಕಿಬೀಳುತ್ತೋ ಅಲ್ಲೇ ಬಿಸಿ ಆಗುತ್ತೆ. ಬಿಚ್ಚಿ ನೋಡಿದರೆ ವಾಷರ್ ಪೂರ್ತಿ ತುಕ್ಕು ಹಿಡಿದಿತ್ತು, ವಾಯರಿನ ತುದಿಯ ಲೋಹದ ಬಳೆಯ ಮೇಲೆ ಹಸಿರು ಪುಡಿ ಕೂತಿತ್ತು. ಪಾಲಿಶ್ ಪೇಪರ್ ಹಾಕಿ ಲೋಹ ಹೊಳೆಯುವ ತನಕ ತಿಕ್ಕಿದೆ. ಬಿಗಿದೆ. "ಈಗ ತಿರುಗಿಸು ತಮ್ಮಾ" ಅಂದೆ. ಒಂದೇ ಏಟಿಗೆ ಚಾಲೂ!

ಹಳೇ ಬ್ಯಾಟರಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಅದಕ್ಕೆ ಮೀಟರ್ ಹಚ್ಚಿದೆ. 12.6 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಇರುವ ಒಳ್ಳೇ ಬ್ಯಾಟರಿ ತೋರಿಸುವುದೇ ಅಷ್ಟು. ಹೊಸ ಬ್ಯಾಟರಿಯ ದುಡ್ಡು ಹೋಯಿತು, ಒಂದೂವರೆ ದಿನದ ಹದ ಹೋಯಿತು. ಯಜಮಾನರ ಮುಖ ನೋಡಲು ನನಗೇ ಸಂಕಟ ಆಯಿತು.

"ಲೈಟ್ ಉರೀತದಲ್ರಿ, ಮತ್ತ ಕರೆಂಟ್ ಹೆಂಗ ಕಡಿಮಿ?" ಅಂತ ಎಲ್ಲರೂ ಕೇಳ್ತಾರೆ. ಲೈಟಿಗೆ ಹತ್ತು ಆಂಪಿಯರ್ ಇದ್ದರೆ ಧಾರಾಳ ಆಯಿತು. ಸೆಲ್ಫ್‌ಗೆ ನೂರಕ್ಕಿಂತ ಜಾಸ್ತಿ ಬೇಕು. ಪೈಪಿನಲ್ಲಿ ಕಸ ಸಿಕ್ಕಿಕೊಂಡರೂ ಕೊಡ ತುಂಬುತ್ತೆ, ಆದರೆ ಹೊಲ ನೆನೆಯಲ್ಲ. ಇಲ್ಲೂ ಹಾಗೇ. ಆದ್ದರಿಂದ ಮತ್ತೆ ಹೇಳ್ತೀನಿ, ಮೊದಲು ಕಿವಿ ಕೊಡಿ. ಟಕ್ ಅಂದರೆ ನಿಮ್ಮ ಕೈ ಹೋಗಬೇಕಾದದ್ದು ವಾಯರಿನ ಎರಡೂ ತುದಿಗೆ. ಅಂಗಡಿಗೆ ಆಮೇಲೆ ಹೋಗಿ.

ತುದಿ ಬಿಚ್ಚುವಾಗ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಜೋಡಿಸುವಾಗ ಮೈನಸ್ ಕೊನೆಗೆ ಹಾಕಿ. ಇಲ್ಲದಿದ್ದರೆ ಪಾನಾ ಚಾಸಿಗೆ ತಾಗಿ ಬೆಂಕಿ ಕಿಡಿ ಹಾರುತ್ತೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗ್ಯಾಸ್ ಬರುತ್ತೆ, ಬೀಡಿ ದೂರ ಇಡಿ. ಟರ್ಮಿನಲ್ ಮೇಲೆ ಸುಣ್ಣದಂಥ ಬಿಳಿ ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಮನೆಯಲ್ಲಿ ಇರುವ ಸಾಮಾನೇ ಸಾಕು.

ಸಮಯ ಆಗುತ್ತಾ ಬಂತು. ಮೂರನೇ ಶಬ್ದ ಬೇಗ ಹೇಳ್ತೀನಿ. ಇಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ಕಡೆ ನೋಡಲೇಬೇಡಿ. ಹೆಚ್ಚಾಗಿ ಡೀಸೆಲ್ ಮುಟ್ಟುತ್ತಿರಲ್ಲ. ಇಂಜಿನ್ ಬಂದ್ ಮಾಡುವ ಗುಂಡಿ ಎಳೆದಿದ್ದು ಹಾಗೇ ಉಳಿದಿದೆಯಾ? ಬಹಳ ಸಲ ಅಷ್ಟೇ ಆಗಿರುತ್ತೆ, ಒಳಗೆ ಒತ್ತಿಬಿಡಿ. ಟ್ಯಾಂಕ್ ಖಾಲಿಯಾಗಿ ಮತ್ತೆ ಡೀಸೆಲ್ ತುಂಬಿಸಿದ್ದರೆ ಪೈಪಿನಲ್ಲಿ ಗಾಳಿ ಹಿಡಿದಿರುತ್ತೆ. ಫಿಲ್ಟರ್ ಮೇಲಿನ ಗಾಳಿ ಬಿಡುವ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಕೈಪಂಪ್ ಒತ್ತಿ. ಮೊದಲು ಸೋಡಾದ ಹಾಗೆ ಗುಳ್ಳೆ ಬರುತ್ತೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಕೊನೆಗೆ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಹಿಂದಿನ ಗಾಲಿಯ ಮುಂದೆ ನಿಂತು, ಸೆಲ್ಫ್ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಾಲೂ ಮಾಡ್ತೀರಲ್ಲ, ಅದನ್ನು ಇವತ್ತೇ ಬಿಟ್ಟುಬಿಡಿ. ಹಾಗೆ ಮಾಡಿದರೆ ಕ್ಲಚ್ ಸ್ವಿಚ್ ಕೆಲಸಕ್ಕೆ ಬರಲ್ಲ. ಗಾಡಿ ಗೇರಿನಲ್ಲಿ ಇದ್ದರೆ ನಿಮ್ಮ ಮೇಲೇ ಹಾಯುತ್ತೆ, ಸರಿಯಲು ಜಾಗ ಇರಲ್ಲ. ಸೀಟಿನ ಮೇಲೆ ಕೂತು, ಕ್ಲಚ್ ಒತ್ತಿ, ಚಾವಿ ತಿರುಗಿಸಿ. ತಿರುಗಿಸುವಾಗ ಕಿವಿ ಕೊಡಿ. ನಮಸ್ಕಾರ.