ಅರ್ಥ ಗೊತ್ತಿಲ್ದೆ ಬಾಯಿಪಾಠ ಆದ ಭಾಷೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಕುಮಾನ್ ಅನ್ನೋ ಭಾಷೆ ಬಗ್ಗೆ ಮಾತಾಡೋಣ. ತುರ್ಕಿಕ್ ಭಾಷೆಗಳ ದೊಡ್ಡ ಕುಟುಂಬ ಇದೆಯಲ್ಲ, ಅದರಲ್ಲಿ ಕಿಪ್ಚಾಕ್ ಕವಲಿಗೆ ಸೇರಿದ್ದು, ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಲ್ಲಿ ಕುದುರೆ, ಕುರಿ ಮೇಯಿಸ್ಕೊಂಡಿದ್ದ ಜನರ ಮಾತು. ಈಗ ಅದನ್ನ ಆಡೋರು ಒಬ್ಬರೂ ಇಲ್ಲ.

ಮಂಗೋಲರ ಕಾಟ ತಡೀಲಾರ್ದೆ 1239ರಲ್ಲಿ ಇವರ ಖಾನ್ ಕೋತೆನ್ ತನ್ನ ಜನಾನೆಲ್ಲ ಕಟ್ಕೊಂಡು ಹಂಗೇರಿಗೆ ಬಂದ, ರಾಜ ನಾಲ್ಕನೇ ಬೇಲಾ ಜಾಗ ಕೊಟ್ಟ, ಆದ್ರೆ ಅಲ್ಲಿನೋರಿಗೆ ಇವರೆಲ್ಲ ಮಂಗೋಲರ ಗೂಢಚಾರರೇ ಇರ್ಬೇಕು ಅಂತ ಡೌಟು, 1241ರಲ್ಲಿ ಪೆಸ್ಟ್ ಅನ್ನೋ ಊರಲ್ಲಿ, ಈಗ ಅದು ಬುಡಾಪೆಸ್ಟ್‌ನ ಭಾಗ, ಖಾನನ್ನೇ ಕೊಂದ್ಹಾಕಿದ್ರು. ಸಿಟ್ಟಲ್ಲಿ ದೇಶ ಬಿಟ್ಟು ಹೋದೋರನ್ನ ಅದೇ ರಾಜ ಆಮೇಲೆ ವಾಪಸ್ ಕರೆಸ್ಕೊಂಡ, ಸೈನ್ಯಕ್ಕೆ ಜನ ಬೇಕಿತ್ತಲ್ಲ! ಹಂಗೇರಿಯೋರು ಕುಮಾನರನ್ನ ‘ಕುನ್’ ಅಂತಾರೆ, ಅದಕ್ಕೇ ಅವರು ನೆಲೆ ನಿಂತ ಸೀಮೆಗೆ ಇವತ್ತಿಗೂ ಕುನ್‌ಶಾಗ್ ಅಂತಾನೇ ಹೆಸರು.

ಬರ್ತಾ ಬರ್ತಾ ಎಲ್ಲರೂ ಹಂಗೇರಿಯನ್ ಭಾಷೇನೇ ಮಾತಾಡೋಕೆ ಶುರು ಮಾಡಿದ್ರು. ಅದೇ ಸೀಮೆಯ ಕರ್ತ್ಸಗ್ ಊರಿನ ಇಷ್ತ್ವಾನ್ ವರ್ರೋ ಅನ್ನೋರು 1770ರಲ್ಲಿ ತೀರ್ಕೊಂಡ್ರು, ಕುಮಾನ್ ಬಲ್ಲ ಕೊನೇ ಮನುಷ್ಯ ಅವರೇ ಅಂತ ಊರೋರು ಹೇಳ್ತಾರೆ.

ಆದ್ರೂ ಒಂದು ಪ್ರಾರ್ಥನೆ ಮಾತ್ರ ಉಳೀತು ನೋಡಿ. ಕ್ರೈಸ್ತರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಇದೆಯಲ್ಲ, ಅದನ್ನ ಕುಮಾನಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸ್ತಿದ್ರು, ನಾವು ಚಿಕ್ಕೋರಿದ್ದಾಗ ಅರ್ಥ ಗೊತ್ತಿಲ್ದೆ ಸಂಸ್ಕೃತ ಶ್ಲೋಕ ಒಪ್ಪಿಸ್ತಿದ್ವಲ್ಲ, ಥೇಟ್ ಹಾಗೇ. ಬಾಯಿಂದ ಬಾಯಿಗೆ ಬಂದು ಸವೆದು ಅದು ‘ಬೆಜೆನ್ ಅತ್ತಮಜ್ ಕೆನ್‌ಜೆ ಕಿಕ್ತೆ’ ಅಂತಾಗಿತ್ತು. ಕೇಳಿದ್ರೆ ತಲೆಬುಡ ತಿಳಿಯಲ್ಲ. ಆದ್ರೆ ಪಕ್ಕದಲ್ಲಿ ಬೇರೆ ಕಿಪ್ಚಾಕ್ ಮಾತುಗಳನ್ನ ಇಟ್ಕೊಂಡು ನೋಡಿ, ‘ಅತ್ತಮಜ್’ ಅಂದ್ರೆ ‘ಅತಾಮಿಜ್’, ನಮ್ಮ ತಂದೆ. ‘ಕಿಕ್ತೆ’ ಅಂದ್ರೆ ‘ಕೋಕ್ತೆ’, ಆಕಾಶದಲ್ಲಿ. ಕಜಕ್ ಕೂಡ ಕಿಪ್ಚಾಕ್ ಕವಲಿನ ಭಾಷೇನೇ, ಈ ‘ಅತಾ’, ‘ಕೋಕ್’ ಕಜಕ್ ಜನರ ಬಾಯಲ್ಲಿ ಈಗಲೂ ಇವೆ. ವೆನಿಸ್‌ನಲ್ಲಿ ಕೋಡೆಕ್ಸ್ ಕುಮಾನಿಕಸ್ ಅಂತ ಹಳೇ ಹಸ್ತಪ್ರತಿ ಇದೆ, ಅದರಲ್ಲಿ 1303 ಅಂತ ಇಸವಿ ನಮೂದಾಗಿದೆ, ಲ್ಯಾಟಿನ್, ಪರ್ಶಿಯನ್, ಕುಮಾನ್ ಪದಗಳ ಪಟ್ಟಿ ಜೊತೆಗೆ ಒಗಟುಗಳೂ ಇವೆ, ಇದೇ ಪ್ರಾರ್ಥನೇನೂ ಇದೆ, ಅಲ್ಲಿ ಪಾಠ ಸಾಕಷ್ಟು ಶುದ್ಧವಾಗಿದೆ. ನನಗೇನೋ ಆ ಸವೆದ ಪಾಠಾನೇ ಹೆಚ್ಚು ಇಷ್ಟ, ಅದನ್ನ ಜನ ಇಟ್ಕೊಂಡಿದ್ದು ಪುಸ್ತಕದಲ್ಲಲ್ಲ, ನಾಲಿಗೆ ಮೇಲೆ.

ಕರ್ತ್ಸಗ್‌ನಲ್ಲೇ 1944ರಲ್ಲಿ ಹುಟ್ಟಿದ ಇಷ್ತ್ವಾನ್ ಮಾಂದೋಕಿ ಅನ್ನೋ ವಿದ್ವಾಂಸರು, ತಾವೇ ಕುಮಾನ್ ವಂಶದೋರು, ಕಿಪ್ಚಾಕ್ ಭಾಷೆಗಳನ್ನ ಕಲಿತು, ಹಂಗೇರಿಯಲ್ಲಿ ಉಳಿದಿರೋ ಕುಮಾನ್ ಚೂರುಗಳನ್ನೆಲ್ಲ ಹೆಕ್ಕಿ ತೆಗೆದ್ರು. ಊರ ಹೆಸರು, ಮನೆತನದ ಹೆಸರು, ದನಗಾಹಿಗಳ ಮಾತು, ಏನನ್ನೂ ಬಿಡಲಿಲ್ಲ. ಕುದುರೆ ಹಿಡಿಯೋ ಕುಣಿಕೆ ಹಗ್ಗಕ್ಕೆ ಹಂಗೇರಿಯಲ್ಲಿ ‘ಆರ್ಕಾನ್ಯ್’ ಅಂತಾರೆ, ಅದೂ ತುರ್ಕಿಕ್ ಮೂಲದ್ದೇ. ಅವರ ಊರಿನ ಹೆಸರಿದೆಯಲ್ಲ ಕರ್ತ್ಸಗ್, ಅದು ಹುಲ್ಲುಗಾವಲಿನ ಸಣ್ಣ ನರಿಗೆ ಕಿಪ್ಚಾಕರು ಇಟ್ಟಿದ್ದ ಹೆಸರು, ಕಜಕ್ ಭಾಷೇಲಿ ಆ ನರಿ ಇವತ್ತಿಗೂ ‘ಕರ್ಸಕ್’.