ಯಾರೂ ಮತ ಹಾಕದಿದ್ದರೂ ಇಲಾಖೆ ಬದಲಾಗುತ್ತೆ: ಕಾನ್ಸಾಸ್‌ನ 60 ದಿನ

[ಪರದೆ: ಕಾನ್ಸಾಸ್ ನಕ್ಷೆ]

2021ರ ಜುಲೈ 1. ಅಮೆರಿಕದ ಕಾನ್ಸಾಸ್ ರಾಜ್ಯದ ‘ವನ್ಯಜೀವಿ, ಉದ್ಯಾನ ಮತ್ತು ಪ್ರವಾಸೋದ್ಯಮ ಇಲಾಖೆ’ ಹೆಸರಿನಿಂದ ಪ್ರವಾಸೋದ್ಯಮ ಬಿದ್ದುಹೋಯ್ತು. ಇದಕ್ಕೊಂದು ಮಸೂದೆ ಪಾಸಾಗಬೇಕಿರಲಿಲ್ಲ. ಹಾಗಾದ್ರೆ ಶಾಸಕರ ಕೈಯಲ್ಲಿ ಏನಿತ್ತು?

ಹಿನ್ನೆಲೆ ಬೇಗ ಮುಗಿಸೋಣ. ಬೇಟೆ–ಮೀನುಗಾರಿಕೆ ಮತ್ತು ಉದ್ಯಾನಗಳ ಎರಡು ಸಂಸ್ಥೆಗಳು 1987ರಲ್ಲಿ ಒಂದಾದವು. 2011ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ವಾಣಿಜ್ಯ ಇಲಾಖೆಯಲ್ಲಿದ್ದ ಪ್ರವಾಸೋದ್ಯಮವನ್ನು ಇಲ್ಲಿಗೆ ತಂದರು, 2021ರಲ್ಲಿ ಗವರ್ನರ್ ಆಗಿದ್ದ ಲಾರಾ ಕೆಲ್ಲಿ ವಾಪಸ್ ಕಳಿಸಿದರು. ಅಲ್ಲಿನ ಗವರ್ನರ್ ಚುನಾಯಿತರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.

ದಾರಿ ಹೀಗಿದೆ: ಅಧಿವೇಶನ ಶುರುವಾದ 30 ದಿನದೊಳಗೆ ಇಲಾಖೆ ಪುನಾರಚನೆಯ ಗವರ್ನರ್ ಆದೇಶ ಒಂದೇ ದಿನ ಎರಡೂ ಸದನಕ್ಕೆ ಹೋಗಬೇಕು. 60 ದಿನದೊಳಗೆ, ಅಧಿವೇಶನ ಮುಗಿಯುವ ಮುಂಚೆ, ಯಾವುದಾದರೂ ಒಂದು ಸದನ ತಿರಸ್ಕರಿಸಿದರೆ ಆದೇಶ ಬಿತ್ತು. ಸುಮ್ಮನಿದ್ದರೆ ಜುಲೈ 1ಕ್ಕೆ ಅದಕ್ಕೆ ಕಾನೂನಿನ ಬಲ.

[ಪರದೆ: 63 / 125]

ಈ ಸಂಖ್ಯೆ ನೋಡಿ. ಬಹುಮತದ ಲೆಕ್ಕ ಹಾಜರಿದ್ದವರ ಮೇಲಲ್ಲ, ಚುನಾಯಿತರಾದವರ ಮೇಲೆ. ಕೆಳಮನೆಯಲ್ಲಿ 125 ಜನ, ಹಾಗಾಗಿ ತಿರಸ್ಕರಿಸಲು 63 ಮತ ಬೇಕು. 40 ಜನರ ಸೆನೆಟ್‌ನಲ್ಲಿ 21. ಕೆಳಮನೆಯಲ್ಲಿ 100 ಮಂದಿ ಹಾಜರಿದ್ದು, 62 ಜನ ವಿರೋಧಿಸಿ, 38 ಜನ ಪರ ನಿಂತರೂ ಆದೇಶ ಉಳಿಯುತ್ತೆ. ಅಂದು ಊರಲ್ಲಿಲ್ಲದ ಶಾಸಕ ಗೊತ್ತಿಲ್ಲದೇ ಗವರ್ನರ್ ಪರ ನಿಂತ ಹಾಗೆ. ಕರ್ನಾಟಕದಲ್ಲಂತೂ ಸರ್ಕಾರದ ಕೆಲಸ ಹಂಚುವ ನಿಯಮಗಳು ಸಂವಿಧಾನದ 166(3)ನೇ ವಿಧಿಯಡಿ ಬರುತ್ತವೆ, ಸದನದ ಒಪ್ಪಿಗೆಯೇ ಬೇಕಿಲ್ಲ.

ಆದ್ರೆ ನನ್ನ ಪ್ರಕಾರ ಮತಕ್ಕಿಂತ ಗಟ್ಟಿ ಬೀಗ ದುಡ್ಡಿನದು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯಿಂದ ಕೇಂದ್ರ ಸರ್ಕಾರ ರಾಜ್ಯದ ವನ್ಯಜೀವಿ ಯೋಜನೆಗಳ ಖರ್ಚಿನ 75% ತನಕ ಕೊಡುತ್ತೆ. ಮುಖ್ಯ ಷರತ್ತು ಇದು: ಬೇಟೆ ಲೈಸೆನ್ಸ್ ಶುಲ್ಕ ವನ್ಯಜೀವಿ ಇಲಾಖೆಯ ಕೆಲಸಕ್ಕೆ ಬಿಟ್ಟು ಬೇರೆಲ್ಲಿಗೂ ಹೋಗಬಾರದು. ಆ ದುಡ್ಡಿನ ಬಡ್ಡಿ, ಅದರಿಂದ ಕೊಂಡ ಜೀಪು, ಜಮೀನಿಗೂ ಇದೇ ಕಟ್ಟು. ಪ್ರವಾಸೋದ್ಯಮ ಮೇಳಕ್ಕೆ ಆ ಜೀಪು ಓಡಿಸಿ ಲೆಕ್ಕ ಕೊಡದಿದ್ದರೆ, ದುಡ್ಡು ಮರಳಿಸುವ ತನಕ ರಾಜ್ಯದ ಅನುದಾನದ ಅರ್ಹತೆಯೇ ಹೋಗಬಹುದು.

ಶಾಸಕರಿಗೆ ಸಿಗೋ ಸಮಯ ಕಮ್ಮಿ. ಆದೇಶ ಸಮಿತಿಗೆ ಬಂದಾಗ ಶಾಸಕರು ಮೊದಲು ಬೆರಳಿಡಬೇಕಾದ್ದು ಖರ್ಚಾಗದೆ ಉಳಿದ ಹಣದ ಪ್ಯಾರಾ ಮೇಲೆ: ವನ್ಯಜೀವಿ ನಿಧಿ, ಉದ್ಯಾನ ನಿಧಿ ಬೇರೆಬೇರೆಯಾಗೇ ಉಳಿದಿವೆಯಾ? ಆಮೇಲೆ ಸಿಬ್ಬಂದಿಯ ಸೇವಾ ಹಕ್ಕು, ಬಾಕಿ ಮೊಕದ್ದಮೆ. ಎರಡೂ ಕಡೆಗೆ ಕೆಲಸ ಮಾಡೋ ಅಕೌಂಟೆಂಟ್ ಸಂಬಳ ಯಾವ ನಿಧಿಯಿಂದ ಅಂತ ಕೇಳೋದನ್ನಂತೂ ಮರೆಯಬಾರದು.