ಕರೆಂಟು ಹೋಗುವ ಊರಿನಲ್ಲಿ ಮನೆಯ ಸರ್ವರ್

ನಮಸ್ಕಾರ. ಇವತ್ತು ಮನೆಯಲ್ಲಿ ಸ್ವಂತ ಸರ್ವರ್, ಅಂದರೆ ಮನೆಯವರ ಫೋಟೋ, ವಿಡಿಯೋ, ಕಡತಗಳನ್ನೆಲ್ಲ ಇಟ್ಟುಕೊಂಡು ಸದಾ ಚಾಲೂ ಇರುವ ಕಂಪ್ಯೂಟರ್, ಇಟ್ಟುಕೊಳ್ಳುವ ಬಗ್ಗೆ ಮಾತಾಡೋಣ. ಸರ್ವರ್ ಅಂದ ಕೂಡಲೇ ಏಸಿ ಕೋಣೆ, ಕಪಾಟಿನಷ್ಟು ದೊಡ್ಡ ಯಂತ್ರ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಕಚೇರಿಗಳು ಹಳತಾಯಿತೆಂದು ಮಾರುವ ಪುಟ್ಟ ಡೆಸ್ಕ್‌ಟಾಪ್ ಸಾಕು. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಯಾವುದಾದರೂ ಆದೀತು. 16 ಜಿಬಿ ರ‍್ಯಾಮ್ ಇರಲಿ. 8 ಜಿಬಿಯಲ್ಲೂ ಶುರು ಮಾಡಬಹುದು, ಆದರೆ ಅದರೊಳಗೆ ಇನ್ನೊಂದು ಕಂಪ್ಯೂಟರಿನಂತೆ ವಿಂಡೋಸ್ ಕೂರಿಸಿದ ಕೂಡಲೇ ಉಸಿರು ಕಟ್ಟುತ್ತದೆ.

ಯಾರೋ ಪುಕ್ಕಟೆ ಕೊಟ್ಟರೆಂದು ಹಳೆಯ ದೊಡ್ಡ ಸರ್ವರ್ ಹೊತ್ತು ತರಬೇಡಿ. ಪುಟ್ಟ ಯಂತ್ರ ಹೆಚ್ಚು ಕೆಲಸವಿಲ್ಲದಾಗ 15 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಮಗಿಲ್ಲಿ ಕಾಸರಗೋಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಅಲ್ವಾ, ಅದರಲ್ಲಿ 22 ಯೂನಿಟ್ ಹತ್ತಿರ ಆಗುತ್ತದೆ. 100 ವ್ಯಾಟ್ ಎಳೆಯುವ ಯಂತ್ರವಾದರೆ 144 ಯೂನಿಟ್. ಪುಕ್ಕಟೆ ಬಂದದ್ದಕ್ಕೆ ಪ್ರತಿ ಬಿಲ್ಲಿನಲ್ಲೂ ಹಣ ಕಟ್ಟಬೇಕಾಗುತ್ತದೆ.

ಇದರ ಮೇಲೆ ಹಾಕಲು ನನ್ನ ಆಯ್ಕೆ ಪ್ರಾಕ್ಸ್‌ಮಾಕ್ಸ್. ಒಂದೇ ಕಂಪ್ಯೂಟರಿನೊಳಗೆ ಹಲವು ಯಂತ್ರಗಳನ್ನು ಬೇರೆಬೇರೆಯಾಗಿ ಓಡಿಸುವ, 2008ರಿಂದ ಇರುವ ಉಚಿತ ತಂತ್ರಾಂಶ, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. ಲಿನಕ್ಸ್ ಅಂದರೆ ಹೆದರಬೇಕಾಗಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ, ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲೂ, ಮಕ್ಕಳು ಕಂಪ್ಯೂಟರ್ ಕಲಿಯುವುದೇ ಕೈಟ್ ಎಂಬ ರಾಜ್ಯ ಸರ್ಕಾರದ ಸಂಸ್ಥೆಯ ಲಿನಕ್ಸಿನಲ್ಲಿ. ಗೊತ್ತಾಗದಿದ್ದರೆ ಮನೆಯ ಹೈಸ್ಕೂಲು ಹುಡುಗಿಯನ್ನು ಕೇಳಿ. ಪ್ರಾಕ್ಸ್‌ಮಾಕ್ಸ್ ಹಾಕುವ ಮೊದಲು ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟಕ್ಕೆ, ಹೋಗಿ ವರ್ಚುವಲೈಸೇಶನ್ ಚಾಲೂ ಮಾಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಮ್‌ಡಿಯಲ್ಲಿ ಎಎಮ್‌ಡಿ-ವಿ ಅಥವಾ ಎಸ್‌ವಿಎಮ್ ಅಂತ ಇರುತ್ತದೆ. ಅದಿಲ್ಲದೆ ಯಂತ್ರದೊಳಗಿನ ಯಂತ್ರ ಏಳುವುದಿಲ್ಲ.

ಪ್ರಾಕ್ಸ್‌ಮಾಕ್ಸ್ ಒಳಗೆ ಓಡುವ ಯಂತ್ರಗಳು ಎರಡು ಥರ ಉಂಟು. ವರ್ಚುವಲ್ ಯಂತ್ರಕ್ಕೆ ತನ್ನದೇ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇರುತ್ತದೆ, ಆದ್ದರಿಂದ ಅದರಲ್ಲಿ ವಿಂಡೋಸ್ ಕೂಡ ಓಡುತ್ತದೆ. ಕಂಟೇನರ್ ಹೊರಗಿನ ಲಿನಕ್ಸಿನ ಕರ್ನಲನ್ನೇ ಹಂಚಿಕೊಳ್ಳುತ್ತದೆ, ಹಗುರ. ಫೋಟೋಗಳಿಗೆ ಇಮ್ಮಿಚ್, ವಿಡಿಯೋಗಳಿಗೆ ಜೆಲ್ಲಿಫಿನ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಇಷ್ಟಿದ್ದರೆ ಒಂದು ಮನೆಗೆ ಧಾರಾಳ. ವಿಂಡೋಸ್ ಹಾಕುವಾಗ ಡಿಸ್ಕೇ ಕಾಣಿಸುತ್ತಿಲ್ಲ ಅಂತ ತುಂಬ ಜನ ಗಾಬರಿಯಾಗುತ್ತಾರೆ. ವರ್ಟ್‌ಐಓ ಡ್ರೈವರಿನ ಐಎಸ್‌ಓ ಕಡತವನ್ನು ಇನ್ನೊಂದು ಸಿಡಿಯಂತೆ ಸೇರಿಸಿ, ಅಲ್ಲಿಂದ ಡ್ರೈವರ್ ಲೋಡ್ ಮಾಡಿದರೆ ಕಾಣುತ್ತದೆ.

ಇಲ್ಲಿಗೆ ಸೆಟಪ್ ಮುಗಿಯಿತು ಅಂತ ವಿಡಿಯೋಗಳೆಲ್ಲ ಹೇಳುತ್ತವೆ. ನಮ್ಮ ಕಡೆ ಅಸಲಿ ಕೆಲಸ ಶುರುವಾಗುವುದು ಇಲ್ಲಿಂದ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ತೋಟದ ಮನೆಗಳನ್ನು ನೆನೆಸಿಕೊಳ್ಳಿ. ಜೂನ್ ತಿಂಗಳಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು, ಬಂದರೂ ನಾಲ್ಕು ಸಲ ಮಿನುಗಿ ಮತ್ತೆ ಹೋಗುತ್ತದೆ. ಹಾಗಾಗಿ ನಾನು ಯಾವ ಸರ್ವರ್ ನೋಡಿದರೂ ಮೊದಲು ಕೇಳುವ ಪ್ರಶ್ನೆ ಒಂದೇ: ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟು ಹೋಗಿ ಬಂದರೆ ಇದು ತಾನಾಗಿ ಏಳುತ್ತದೆಯೇ?

ಏಳಬೇಕಾದರೆ ಮೂರು ಕಡೆ ಹೇಳಿಡಬೇಕು. ಬಯೋಸ್‌ನಲ್ಲಿ, ಕರೆಂಟು ಬಂದ ಕೂಡಲೇ ಆನ್ ಆಗು ಅಂತ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಯಂತ್ರಕ್ಕೂ ಸ್ಟಾರ್ಟ್ ಅಟ್ ಬೂಟ್ ಅಂತ. ಆ್ಯಪ್‌ಗಳನ್ನು ಕಂಟೇನರಿನಲ್ಲಿ ಓಡಿಸುವ ಡಾಕರ್ ತಂತ್ರಾಂಶ ಬಳಸುವವರು ರೀಸ್ಟಾರ್ಟ್ ಪಾಲಿಸಿಯನ್ನು ಅನ್‌ಲೆಸ್ ಸ್ಟಾಪ್ಡ್ ಅಂತ. ಒಂದನ್ನು ಬಿಟ್ಟರೂ ಮಂಗಳೂರಿನ ಹಾಸ್ಟೆಲಿನಿಂದ ಮಗ ಫೋನ್ ಮಾಡಿ, ಅಮ್ಮಾ ಆ ಕಪ್ಪು ಪೆಟ್ಟಿಗೆಯ ಬಟನ್ ಒತ್ತು ಅನ್ನುವುದು ತಪ್ಪುವುದಿಲ್ಲ.

ಕರೆಂಟು ಹೋದ ಕ್ಷಣ ಸರ್ವರ್ ನಿಲ್ಲದಿರಲು ಯುಪಿಎಸ್ ತನ್ನಿ ಅನ್ನುತ್ತಾರೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಮತ್ತೆ ಯುಪಿಎಸ್ ಯಾಕೆ ಅಂತ ಕೇಳಬಹುದು. ಇನ್ವರ್ಟರಿನ ಹಿಂದೆ ಎಷ್ಟೋ ಮಾಡೆಲ್‌ಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಬದಿ ಇಕೋ, ಇನ್ನೊಂದು ಬದಿ ಯುಪಿಎಸ್. ಇಕೋದಲ್ಲಿ ಇದ್ದರೆ ಬ್ಯಾಟರಿಗೆ ಬದಲಾಗಲು ಹೊತ್ತು ಜಾಸ್ತಿ ಬೇಕು, ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ಮೊದಲು ಅದನ್ನು ನೋಡಿ, ಆಮೇಲೆ ಹಣ ಖರ್ಚು ಮಾಡಿ.

ಸಿಡಿಲಿನ ಮಾತು ಬೇರೆ. ಅಕ್ಟೋಬರ್, ನವೆಂಬರಿನ ಸಂಜೆಯ ಗುಡುಗು ಮಳೆಗೆ ಯಾವ ಸ್ಪೈಕ್ ಬಸ್ಟರನ್ನೂ ನಾನು ನಂಬುವುದಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಬರೀ ಎಕ್ಸ್‌ಟೆನ್ಶನ್ ಬೋರ್ಡು. ಗುಡುಗು ಶುರುವಾದರೆ ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಎಳೆಯಿರಿ, ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಎಳೆಯಿರಿ. ಫೈಬರ್ ಬಂದ ಮೇಲೆ ಹಳೆಯ ಟೆಲಿಫೋನ್ ತಂತಿಯ ಭಯ ಹೋಯಿತು, ನಿಜ. ಆದರೆ ರೂಟರಿನ ಅಡಾಪ್ಟರಿನಿಂದ ನುಗ್ಗಿದ್ದು ಕೇಬಲ್ ಹಿಡಿದು ಸರ್ವರಿಗೂ ಬರುತ್ತದೆ. ಇನ್ನು, ಹಂಚಿನ ಮಾಡಿನ ಕೆಳಗೆ ಅಟ್ಟದಲ್ಲಿ ಇಡಬೇಡಿ. ಏಪ್ರಿಲ್‌ನಲ್ಲಿ ಅಲ್ಲಿ ಕೂರಲು ನಿಮಗೂ ಆಗುವುದಿಲ್ಲ.

ಈಗ, ಸರ್ವರ್ ಸಿಗುತ್ತಿಲ್ಲ ಅಂದಾಗ ಏನು ಮಾಡುವುದು? ಕೂಡಲೇ ಆ್ಯಪನ್ನು ತೆಗೆದು ಮತ್ತೆ ಹಾಕುವವರೇ ಜಾಸ್ತಿ. ಹಾಗೆ ಮಾಡಬೇಡಿ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ದೀಪ ಉರಿಯುತ್ತಿದೆಯೇ, ಕೇಬಲ್ ಸಿಕ್ಕಿಸುವಲ್ಲಿ ಪುಟ್ಟ ದೀಪ ಮಿನುಗುತ್ತಿದೆಯೇ, ಪಿಂಗ್ ಮಾಡಿದರೆ, ಅಂದರೆ ಬೇರೆ ಕಂಪ್ಯೂಟರಿನಿಂದ ಪಿಂಗ್ ಕಮಾಂಡಿನಲ್ಲಿ ಕೂಗಿ ನೋಡಿದರೆ, ಉತ್ತರ ಬರುತ್ತದೆಯೇ, ಡಿಸ್ಕಿನಲ್ಲಿ ಜಾಗ ಇದೆಯೇ. ಆ್ಯಪ್ ಕೊನೆಗೆ.

ರೂಟರ್ ಬದಲಾಯಿಸಿದ ಮರುದಿನ ಸರ್ವರ್ ಮಾಯವಾದರೆ ಅದು ವಿಳಾಸದ ತಕರಾರು. ಪ್ರಾಕ್ಸ್‌ಮಾಕ್ಸ್ ಹಾಕುವಾಗ ಕೊಟ್ಟ ವಿಳಾಸವನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹಳೆಯ ರೂಟರ್ 192.168.1 ಅನ್ನುತ್ತಿತ್ತು, ಹೊಸದು 192.168.0 ಅನ್ನುತ್ತದೆ, ಇಬ್ಬರಿಗೂ ಮಾತುಕತೆ ಇಲ್ಲ. ಮಾನಿಟರ್, ಕೀಬೋರ್ಡ್ ಸಿಕ್ಕಿಸಿ, ಇಟಿಸಿ ಒಳಗಿನ ನೆಟ್‌ವರ್ಕ್ ಫೋಲ್ಡರಿನಲ್ಲಿ ಇಂಟರ್‌ಫೇಸಸ್ ಅನ್ನುವ ಕಡತ ತೆರೆದು ವಿಳಾಸ, ಗೇಟ್‌ವೇ (ರೂಟರಿನ ವಿಳಾಸ) ಎರಡನ್ನೂ ಬದಲಾಯಿಸಿ. ಇಟಿಸಿ ಒಳಗಿನ ಹೋಸ್ಟ್ಸ್ ಕಡತದಲ್ಲೂ ಬದಲಾಯಿಸಿ. ಅಥವಾ ಹೊಸ ರೂಟರಿಗೇ ಹಳೆಯ ವಿಳಾಸ ಕೊಡಿ, ಅದು ಸುಲಭ. ಹೊಸ ಕಾರ್ಡೋ ಎಸ್‌ಎಸ್‌ಡಿಯೋ ಸಿಕ್ಕಿಸಿದ ಮೇಲೆ ನೆಟ್‌ವರ್ಕ್ ಹೋದರೆ, ಒಳಗೆ ನೆಟ್‌ವರ್ಕ್ ಕಾರ್ಡಿನ ಹೆಸರೇ ಬದಲಾಗಿರಬಹುದು, ಉದಾಹರಣೆಗೆ ಇಎನ್‌ಪಿ2ಎಸ್0 ಇದ್ದದ್ದು ಇಎನ್‌ಪಿ3ಎಸ್0 ಆಗಿರುತ್ತದೆ. ಅದೇ ಕಡತದಲ್ಲಿ ಹೊಸ ಹೆಸರು ಬರೆದರೆ ಸರಿಹೋಗುತ್ತದೆ.

ಪಿಂಗ್ ಬರುತ್ತದೆ ಆದರೆ ಯಂತ್ರ ನಿಂತಿದೆ ಅಂದರೆ ಡಿಸ್ಕ್ ನೋಡಿ. ಡಿ ಎಫ್, ಸ್ಪೇಸ್, ಡ್ಯಾಶ್, ಎಚ್, ಇಷ್ಟು ಟೈಪ್ ಮಾಡಿದರೆ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತದೆ. ಆದರೆ ಒಳಗಿನ ಯಂತ್ರಗಳ ಡಿಸ್ಕುಗಳು ಕೂರುವ ಎಲ್‌ವಿಎಮ್ ಥಿನ್ ಅನ್ನುವ ಜಾಗ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಎಲ್ ವಿ ಎಸ್ ಅಂತ ಹೊಡೆಯಬೇಕು. ಪ್ರಾಕ್ಸ್‌ಮಾಕ್ಸ್ 240 ಜಿಬಿ ಡಿಸ್ಕಿನಲ್ಲಿ 100 ಜಿಬಿಯ ಮೂರು ಯಂತ್ರಗಳನ್ನು ಮಾಡಲು ಬಿಡುತ್ತದೆ. ನೂರು ಎಲೆ ಹಾಕಿ ಐವತ್ತು ಜನರ ಅನ್ನ ಮಾಡಿದ ಹಾಗೆ. ಎಲ್ಲರೂ ಉಣ್ಣಲು ಕೂರುವವರೆಗೆ ತೊಂದರೆ ಇಲ್ಲ, ಕೂತ ದಿನ ಎಲ್ಲ ಯಂತ್ರಗಳೂ ಒಟ್ಟಿಗೆ ಐಓ ಎರರ್ ಅಂತ ನಿಲ್ಲುತ್ತವೆ.

ಅಪ್‌ಡೇಟ್ ಮಾಡುವಾಗ 401 ಅಂತ ಎರರ್ ಬಂದರೆ ಏನೂ ಹಾಳಾಗಿಲ್ಲ. ಹಣ ಕೊಟ್ಟವರ ರೆಪಾಸಿಟರಿಯನ್ನು (ಅಪ್‌ಡೇಟ್ ಸಿಗುವ ಉಗ್ರಾಣವನ್ನು) ಬಾಗಿಲು ತಟ್ಟದೆ ತೆರೆಯಲು ಹೋಗಿದೆ, ಅಷ್ಟೇ. ನೋ ಸಬ್‌ಸ್ಕ್ರಿಪ್ಶನ್ ರೆಪಾಸಿಟರಿಗೆ ಬದಲಾಯಿಸಿ.

ಜಾಹೀರಾತು ತಡೆಯಲು ಪೈ-ಹೋಲ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಿ. ಆದರೆ ಮನೆಯ ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಕೆಲಸ, ಪೂರಾ ಅದರ ಮೇಲೆ ನಿಂತಿದ್ದರೆ, ನೀವು ಸರ್ವರ್ ರಿಪೇರಿಗೆ ಕೂತ ಹೊತ್ತಿಗೇ ಮನೆಯವರ ಧಾರಾವಾಹಿ ನಿಲ್ಲುತ್ತದೆ. ಆಮೇಲೆ ಬರುವ ಬೈಗುಳಕ್ಕೆ ಯಾವ ಕಮಾಂಡೂ ಇಲ್ಲ.

ಹೊರಗಿನಿಂದ ನೋಡಬೇಕು ಅನ್ನುವವರು ರೂಟರಿನ ಪುಟದಲ್ಲಿ ವ್ಯಾನ್ (WAN) ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಸರ್ವರಿಗೆ ಬರಲು ರೂಟರಿನಲ್ಲಿ ಬಾಗಿಲು ತೆರೆದು, ಪ್ರಯೋಜನವಿಲ್ಲ. ಟೈಲ್‌ಸ್ಕೇಲ್ ಥರದ ವಿಪಿಎನ್ ತಂತ್ರಾಂಶ ಹಾಕಿ, ಅದು ಒಳಗಿನಿಂದಲೇ ಹೊರಗೆ ದಾರಿ ಮಾಡಿಕೊಳ್ಳುತ್ತದೆ. ಸಾರ್ವಜನಿಕ ವಿಳಾಸ ಇದ್ದರೂ ಪ್ರಾಕ್ಸ್‌ಮಾಕ್ಸ್‌ನ 8006 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡಲೇಬೇಡಿ.

ಕೊನೆಗೆ ಬ್ಯಾಕಪ್. ಎರಡು ಡಿಸ್ಕಿನಲ್ಲೂ ಒಂದೇ ಮಾಹಿತಿ ಬರೆಯುವ ರೇಡ್ ಇದೆಯಲ್ಲ ಅನ್ನಬೇಡಿ, ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅದೇ ಕ್ಷಣ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ ಇರಲಿ, ಪ್ರತಿ ಮಾಡಿದ ಕೂಡಲೇ ಅದನ್ನು ಕಳಚಿ ಇಡಿ. ಇನ್ನೊಂದು ಬೇರೆ ಮನೆಯಲ್ಲಿರಲಿ, ಅಕ್ಕನ ಮನೆಯಾದರೂ ಸರಿ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಬ್ಯಾಕಪ್ಪಿನಿಂದ ಒಂದು ಯಂತ್ರವನ್ನು, ಪ್ರಾಕ್ಸ್‌ಮಾಕ್ಸ್ ಪ್ರತಿ ಯಂತ್ರಕ್ಕೂ ಕೊಡುವ ನಂಬರನ್ನು ಹೊಸದಾಗಿ ಕೊಟ್ಟು, ರೀಸ್ಟೋರ್ ಮಾಡಿ ನೋಡಿ. ಚಾಲೂ ಮಾಡುವ ಮೊದಲು ಅದರ ನೆಟ್‌ವರ್ಕನ್ನು ಕಳಚಿಡಿ, ಇಲ್ಲದಿದ್ದರೆ ಒಂದೇ ವಿಳಾಸದ ಇಬ್ಬರು ಜಗಳಕ್ಕೆ ನಿಲ್ಲುತ್ತಾರೆ. ಎದ್ದು, ಒಳಗಿನ ಫೋಟೋಗಳು ತೆರೆದುಕೊಂಡರೆ ಆ ಯಂತ್ರವನ್ನು ಅಳಿಸಿಬಿಡಿ. ನಮಸ್ಕಾರ.